ಹಳೇ ಬಾಗಲಕೋಟೆಯ ಫೋಟೋಗಳಿಗೆ ಮೂರು ಮನೆ

ನಮ್ಮ ಹಳೇ ಮನೆ ಈಗ ನೀರೊಳಗಿದೆ. ಆಲಮಟ್ಟಿ ಹಿನ್ನೀರು ಬಂದಾಗ ಹಳೇ ಬಾಗಲಕೋಟೆಯ ನಮ್ಮ ಓಣಿ ಮುಳುಗಿತು, ನಾವು ನವನಗರಕ್ಕೆ ಬಂದೆವು. ಅವ್ವ ಹೊತ್ತು ತಂದ ಸಾಮಾನಿನಲ್ಲಿ ಎರಡು ಆಲ್ಬಂ ಇದ್ದವು. ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ, ನಾಲ್ಕು ಡಾಂಬರ್ ಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟಿದ್ದಳು. ಅಪ್ಪ ತೀರಿಕೊಂಡ ಮೇಲೆ ಒಂದು ದಿನ ಅವನ್ನು ನನ್ನ ಮುಂದೆ ತಂದಿಟ್ಟಳು. “ತಮ್ಮಾ, ದಿನಾ ಆ ಕಂಪ್ಯೂಟರ್ ಮುಂದ ಕುಂದರ್ತಿ. ಇವನ್ನೊಂದೀಟು ಕೆಡದಂಗ ಇಡು ನೋಡೋಣು.”

ಎಣಿಸಿದರೆ 312 ಫೋಟೋ. ಗೆಳೆಯನ ಸ್ಕ್ಯಾನರ್ ಒಂದು ವಾರ ಮನೆಗೆ ತಂದೆ. ಅಂಟು ಹಾಳೆಗೆ ಕಚ್ಚಿಕೊಂಡಿದ್ದವನ್ನು ಹೊಲಿಗೆ ದಾರ ಆಡಿಸಿ ಬಿಡಿಸಿಕೊಂಡೆ. ನಾಲ್ಕಕ್ಕೆ ಆರು ಇಂಚಿನ ಫೋಟೋವನ್ನು 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯ ಲೆಕ್ಕದಲ್ಲಿ, ಸ್ಕ್ಯಾನ್ ಮಾಡಿದರೆ 2400 × 3600 ಪಿಕ್ಸೆಲ್ ಆಗುತ್ತದೆ. ಅಷ್ಟು ಸಾಕು, ಅದಕ್ಕಿಂತ ಜಾಸ್ತಿ ಮಾಡಿದರೆ ಕಾಗದದ ಧೂಳು ಕಾಣುತ್ತದೆ, ಮುಖ ಕಾಣಲ್ಲ. ಇದರ ಜೊತೆಗೆ ನಮ್ಮೆಲ್ಲರ ಮೊಬೈಲ್ ಫೋಟೋ, ಅಪ್ಪನ ಫೋನಿನವು. ಎಲ್ಲಾ ಸೇರಿ 46 ಜಿಬಿ ಆಯಿತು. ಇವನ್ನು ಇಡುವುದು ಎಲ್ಲಿ? ಒಂದೂವರೆ ವರ್ಷ ಮೂರು ಕಡೆ ಇಟ್ಟು ನೋಡಿದೆ.

ಮೊದಲು ಗೂಗಲ್ ಫೋಟೋಸ್. 2021ರ ಜೂನ್ 1ಕ್ಕೂ ಮೊದಲು ಅಲ್ಲಿ ಸ್ವಲ್ಪ ಗಾತ್ರ ಇಳಿಸಿದ ಫೋಟೋಗಳಿಗೆ ಲೆಕ್ಕವೇ ಇರಲಿಲ್ಲ, ಪುಕ್ಕಟೆ. ಈಗ ಪುಕ್ಕಟೆ ಜಾಗ 15 ಜಿಬಿ. ಅದೂ ಜಿಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ. ಅದು ತುಂಬಿದರೆ ಹೊಸ ಮೇಲ್ ಕೂಡ ಬರುವುದಿಲ್ಲ. ನಾನು ವರ್ಷಕ್ಕೆ 1,300 ರೂಪಾಯಿ ಕಟ್ಟಿ 100 ಜಿಬಿ ತಗೊಂಡೆ. ಏರಿಸಲು ಒಂದು ಇಡೀ ರಾತ್ರಿ ಹಿಡಿಯಿತು.

ಬಳಸೋಕೆ ಇದಕ್ಕಿಂತ ಸುಲಭದ್ದು ಇಲ್ಲ, ಒಪ್ಪಬೇಕು. ಅವ್ವನಿಗೆ ಓದು ಅಷ್ಟಕ್ಕಷ್ಟೇ. ಆದರೆ ಅಪ್ಪನ ಮುಖದ ಮೇಲೆ ಬೆರಳಿಟ್ಟರೆ ಅಪ್ಪನ ಫೋಟೋಗಳೆಲ್ಲ ಬರುತ್ತವೆ ಅಂತ ಒಂದೇ ದಿನಕ್ಕೆ ಕಲಿತಳು. ವಿಜಯಪುರದಲ್ಲಿರುವ ತಂಗಿಯೂ ಅಲ್ಲಿಂದಲೇ ನೋಡುತ್ತಾಳೆ. ನನ್ನ ಫೋನ್ ಕಳೆದರೂ ಚಿಂತೆಯಿಲ್ಲ.

ಚಿಂತೆ ಇರುವುದು ಬೇರೆ ಕಡೆ. ಎರಡು ವರ್ಷ ಯಾರೂ ಮುಟ್ಟದ ಗೂಗಲ್ ಖಾತೆಗಳನ್ನು ಅಳಿಸಬಹುದು ಅಂತ ಒಂದು ನಿಯಮ ಇದೆ, 2023ರ ಡಿಸೆಂಬರ್‌ನಿಂದ ಜಾರಿಗೆ ಬಂತು. ಅಪ್ಪನ ಖಾತೆ ಈಗ ಯಾರೂ ಮುಟ್ಟದ ಖಾತೆಯೇ ಅಲ್ವಾ? ಅವರ ಹಳೇ ಫೋನನ್ನು ಆರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ, ಅವರ ಹೆಸರಿನಲ್ಲಿ ಒಳಗೆ ಹೋಗಿ ಬರುತ್ತೇನೆ. ಪಕ್ಷದಲ್ಲಿ ಎಡೆ ಇಟ್ಟ ಹಾಗೆ ಇದೂ ಒಂದು. ನಿಮ್ಮ ಖಾತೆ ಇಷ್ಟು ತಿಂಗಳು ಸುಮ್ಮನಿದ್ದರೆ ಯಾರಿಗೆ ಕೊಡಬೇಕು ಅಂತ ಮೊದಲೇ ಬರೆದಿಡುವ ಸೆಟಿಂಗ್ ಒಂದಿದೆ. ನಾನು ನನ್ನದಕ್ಕೆ ತಂಗಿಯ ಹೆಸರು ಹಾಕಿದ್ದೇನೆ.

ಎರಡನೆಯದು ಹಾರ್ಡ್ ಡಿಸ್ಕ್. ಇದರ ಬಗ್ಗೆ ಹೇಳುವುದು ಕಡಿಮೆ. 1 ಟಿಬಿಯದು ತಂದೆ, ಒಂದೇ ಸಲ ದುಡ್ಡು, ಇಂಟರ್ನೆಟ್ ಬೇಡ, ಪಾಸ್‌ವರ್ಡ್ ಬೇಡ. ಟಿವಿಗೆ ಚುಚ್ಚಿದರೆ ದೊಡ್ಡದಾಗಿ ಕಾಣುತ್ತದೆ. ಹೋಳಿಯ ಮುಂಚೆ ಮನೆತುಂಬ ಜನ ಇದ್ದಾಗ ಹಾಗೆ ಹಾಕಿದೆ. ಹಳೇ ಓಣಿಯಲ್ಲಿ ಬಂಡಿಯ ಮೇಲೆ ಬಣ್ಣದ ಡ್ರಮ್ ಇಟ್ಟುಕೊಂಡು ಹೋದದ್ದು, ಕಾಕಾ ಹಲಗಿ ಹಿಡಿದು ನಿಂತದ್ದು ಬಂದಾಗ ಹುಡುಗರು ಫೋನ್ ಕೆಳಗಿಟ್ಟು ನೋಡಿದರು. ಆ ಒಂದು ಸಂಜೆಗೆ ಗೂಗಲ್ ಸಾಟಿಯಲ್ಲ. ಆದರೆ ಎರಡು ತಿಂಗಳ ಮೇಲೆ ಅದೇ ಡಿಸ್ಕ್ ನನ್ನ ಕೈಯಿಂದಲೇ ಕೆಳಗೆ ಬಿತ್ತು. ಟೇಬಲ್ ಎತ್ತರ ಅಷ್ಟೇ. ಹಚ್ಚಿದರೆ ಒಳಗಿಂದ ಟಿಕ್ ಟಿಕ್ ಅನ್ನುತ್ತಿತ್ತು, ಕಂಪ್ಯೂಟರಿಗೆ ಕಾಣಲೇ ಇಲ್ಲ. ಬೇರೆ ಕಡೆ ಪ್ರತಿ ಇದ್ದದ್ದಕ್ಕೆ ಬಚಾವ್ ಆದೆ.

ಮೂರನೆಯದು ನನ್ನ ಹುಚ್ಚು. ಹಳೇ ಲ್ಯಾಪ್‌ಟಾಪ್ ಒಂದಿತ್ತು, 8 ಜಿಬಿ ರ‍್ಯಾಮ್, ಸ್ಕ್ರೀನಿನ ಒಂದು ಮೂಲೆ ಒಡೆದಿದೆ. ಅದಕ್ಕೆ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕಿ, ಮೇಲೆ ಇಮ್ಮಿಚ್ ಕೂರಿಸಿದೆ. ಇದು ಪುಕ್ಕಟೆ ಸಾಫ್ಟ್‌ವೇರ್, ಲ್ಯಾಪ್‌ಟಾಪನ್ನೇ ಮನೆಯ ಸರ್ವರ್ ಮಾಡುತ್ತದೆ: ಫೋಟೋ ಅದರಲ್ಲಿರುತ್ತವೆ, ನಾವು ನಮ್ಮ ಫೋನಿನಲ್ಲಿ ನೋಡುತ್ತೇವೆ. ನೋಡಲು ಹೆಚ್ಚುಕಡಿಮೆ ಗೂಗಲ್ ಫೋಟೋಸ್ ಹಾಗೇ ಇದೆ, ಮುಖಗಳನ್ನೂ ಗುಂಪು ಮಾಡುತ್ತದೆ. ಫೋಟೋ ಮಾತ್ರ ನಮ್ಮ ಪಡಸಾಲೆ ದಾಟಿ ಹೋಗುವುದಿಲ್ಲ. ಮೊದಲ ವಾರ ಇದು ಅವ್ವನ ಇಪ್ಪತ್ತೆರಡರ ಮುಖವನ್ನೂ ತಂಗಿಯ ಮುಖವನ್ನೂ ಒಬ್ಬರೇ ಅಂತ ಸೇರಿಸಿಬಿಟ್ಟಿತ್ತು. ತಿದ್ದಲು ಹೋದೆ. “ಇರ್ಲಿ ಬಿಡೋ, ಖರೇನ ಐತಿ” ಅಂದಳು ಅವ್ವ. ಹಾಗೇ ಬಿಟ್ಟಿದ್ದೇನೆ.

ಲ್ಯಾಪ್‌ಟಾಪಿನ ಒಂದು ಲಾಭ ಯಾರೂ ಹೇಳುವುದಿಲ್ಲ: ಬ್ಯಾಟರಿಯೇ ಅದರ ಯುಪಿಎಸ್. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದರೂ ಸರ್ವರ್ ಮಲಗಲಿಲ್ಲ. ಆದರೆ ವರ್ಷಪೂರ್ತಿ ಚಾರ್ಜಿಗೆ ಹಚ್ಚಿಟ್ಟಿದ್ದಕ್ಕೆ ಬ್ಯಾಟರಿ ಉಬ್ಬಿ, ಟಚ್‌ಪ್ಯಾಡ್ ಪೂರಿ ಹಾಗೆ ಮೇಲೆ ಬಂತು. ಹೊಸ ಬ್ಯಾಟರಿ ಹಾಕಿಸಿ, ಶೇ 80ಕ್ಕೆ ಚಾರ್ಜ್ ನಿಲ್ಲುವ ಹಾಗೆ ಸೆಟ್ ಮಾಡಿದ ಮೇಲೆ ಆರಾಮಾಗಿದೆ.

ಹೊರಗಿಂದ ನೋಡುವುದೇ ದೊಡ್ಡ ತಲೆನೋವು. ಮನೆಯ ಇಂಟರ್ನೆಟ್ಟಿಗೆ ಸ್ವಂತ ವಿಳಾಸ ಇಲ್ಲ, ಬಹಳ ಮನೆಗಳಿಗೆ ಸೇರಿ ಒಂದೇ ಐಪಿ. ಒಂದೇ ಬಾಗಿಲಿನ ಚಾಳಿನ ಹಾಗೆ, ಹೊರಗಿಂದ ಬಂದವನಿಗೆ ನಮ್ಮ ಖೋಲಿ ಯಾವುದು ಗೊತ್ತಾಗುವುದಿಲ್ಲ. ಅದಕ್ಕೆ ಟೇಲ್‌ಸ್ಕೇಲ್ ಹಾಕಿದೆ, ಹೊರಗಿನ ಫೋನಿಗೂ ಮನೆಯ ಲ್ಯಾಪ್‌ಟಾಪಿಗೂ ನಡುವೆ ಖಾಸಗಿ ದಾರಿ ಮಾಡಿಕೊಡುವ ಆ್ಯಪ್ ಅದು. ನನ್ನ ಫೋನಿನಲ್ಲಿ ಸರಿಯಾಯಿತು. ತಂಗಿಗೆ ಫೋನಿನಲ್ಲೇ ಹೇಳಿಕೊಡಲು ನಲವತ್ತು ನಿಮಿಷ ಹಿಡಿಯಿತು. ಕಡೆಗೆ “ಅಣ್ಣಾ, ವಾಟ್ಸಾಪಿಗೇ ಕಳಸು ಮಾರಾಯಾ” ಅಂದಳು. ವಾಟ್ಸಾಪಿನಲ್ಲಿ ಸುಮ್ನೆ ಕಳಿಸಿದರೆ ಫೋಟೋ ಕುಗ್ಗುತ್ತದೆ, ಡಾಕ್ಯುಮೆಂಟ್ ಮಾಡಿ ಕಳಿಸಬೇಕು. ಅದನ್ನು ಹೇಳುವಷ್ಟರಲ್ಲಿ ಫೋನ್ ಇಟ್ಟಿದ್ದಳು.

ಖರ್ಚಿನ ಲೆಕ್ಕವೂ ಪೂರ್ತಿ ಪುಕ್ಕಟೆ ಅಲ್ಲ. ಲ್ಯಾಪ್‌ಟಾಪ್ ಸುಮಾರು 15 ವ್ಯಾಟ್ ತಿನ್ನುತ್ತದೆ. ಹಗಲು ರಾತ್ರಿ ನಡೆದರೆ ತಿಂಗಳಿಗೆ 11 ಯೂನಿಟ್ ಹತ್ತಿರ. ಗೃಹಜ್ಯೋತಿಯಲ್ಲಿ ನಮ್ಮ ಹಳೇ ಸರಾಸರಿ, ಅದರ ಮೇಲೆ ಶೇ 10, ಅಷ್ಟೇ ಪುಕ್ಕಟೆ. ಜೀರೋ ಬಿಲ್ ಬರುತ್ತಿದ್ದ ಮನೆಗೆ ಒಂದು ತಿಂಗಳು ಬಿಲ್ ಬಂತು. ಅವ್ವ ಆ ಚೀಟಿಯನ್ನು ಲ್ಯಾಪ್‌ಟಾಪಿನ ಮೇಲೇ ಇಟ್ಟು ಹೋಗಿದ್ದಳು. ಏನೂ ಅನ್ನಲಿಲ್ಲ.

ಒಂದನ್ನೇ ಆರಿಸು ಅಂದರೆ ಅವ್ವನಿಗೆ, ತಂಗಿಗೆ ಗೂಗಲ್ಲೇ ಸರಿ. ನನಗೆ ಇಮ್ಮಿಚ್ ಇಷ್ಟ, ಆದರೆ ನಾನು ಹದಿನೈದು ದಿನ ಊರಲ್ಲಿಲ್ಲದಾಗ ಅದು ಕೆಟ್ಟರೆ ನೋಡುವವರಿಲ್ಲ. ಹಾಗಾಗಿ ಮನೆಯ ನಂಬಿಕೆಯನ್ನು ಅದೊಂದರ ಮೇಲೇ ಹೊರಿಸಲಾರೆ. ಹೊಸ ಡಿಸ್ಕ್ ತಂದು ವಿಜಯಪುರದಲ್ಲಿ ತಂಗಿಯ ಕಪಾಟಿನಲ್ಲಿಟ್ಟಿದ್ದೇನೆ. ಹೋಳಿಗೆ ಬರುವಾಗ ತರುತ್ತಾಳೆ, ಹೊಸವನ್ನು ತುಂಬಿಕೊಡುತ್ತೇನೆ. ಅಂದರೆ ಮೂರೂ ಉಳಿದವು.

ಮೊನ್ನೆ ಅವ್ವನಿಗೆ ಫೋನಿನಲ್ಲಿ ಹಳೇ ಮನೆಯ ಕಟ್ಟೆಯ ಫೋಟೋ ತೋರಿಸಿದೆ. ಅಪ್ಪ ಬನಿಯನ್ನಿನಲ್ಲಿ ಕೂತಿದ್ದಾರೆ, ಪಕ್ಕದಲ್ಲಿ ನಾನು, ಕೈಯಲ್ಲಿ ಪಿಚಕಾರಿ. ಅವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಫೋನನ್ನು ತಿರುಗಿಸಿ ಹಿಂದೆ ನೋಡಿದಳು. ನನಗೆ ನಗು ಬಂತು.

“ಹಿಂದ ನಿಮ್ಮಪ್ಪ ಬರದಿದ್ರಲ್ಲೋ. ಅದು ಎಲ್ಲಿ ಐತಿ?”

ಟ್ರಂಕಿನಿಂದ ಆಲ್ಬಂ ತೆಗೆದೆ. ಫೋಟೋದ ಬೆನ್ನಿಗೆ ನೀಲಿ ಶಾಯಿಯಲ್ಲಿ ಅಪ್ಪನ ಅಕ್ಷರ: ತಾರೀಖು, ಓಣಿಯ ಹೆಸರು, ಕೆಳಗೆ “ಚಿರಂಜೀವಿಗೆ ಜ್ವರ, ಆದರೂ ಬಣ್ಣ ಬಿಡಲಿಲ್ಲ”. ಸ್ಕ್ಯಾನ್ ಮಾಡುವಾಗ ನಾನು ಇದನ್ನು ಕಂಡಿದ್ದೆ. ಅವಸರದಲ್ಲಿ ಮುಂದಿನದನ್ನು ಕೈಗೆತ್ತಿಕೊಂಡಿದ್ದೆ.

ಸ್ಕ್ಯಾನರ್ ಮತ್ತೆ ತಂದಿದ್ದೇನೆ. ದಿನಕ್ಕೆ ಹದಿನೈದು ಬೆನ್ನು ಆಗುತ್ತಿವೆ.