ಬಿಳಿಜೋಳಕ್ಕೆ ಮುಂಚೆ ಸೆಣಬು ಹಾಕಿ ಕೆಟ್ಟೆ, ಹೆಸರು ಹಾಕಿ ಉಳಿದೆ

ಹಿಂಗಾರಿ ಜೋಳಕ್ಕೆ ಮುಂಚೆ ಹಸಿರೆಲೆ ಗೊಬ್ಬರಕ್ಕೆ ಸೆಣಬು ಹಾಕಬೇಕೋ ಹೆಸರುಕಾಳು ಹಾಕಬೇಕೋ ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೆಸರಿಗೆ. ಜೇವರ್ಗಿ ಕಡೆಯ ನಮ್ಮ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿಗೆ ಮಾಲದಂಡಿ ಜೋಳ ಬಿತ್ತುವುದು ರೂಢಿ. ಮುಂಗಾರಿನಲ್ಲಿ ನೆಲ ಖಾಲಿ, ಆಗಾಗ ಕುಂಟಿ ಹೊಡೆಯುವುದಷ್ಟೆ. ಹೋದ ವರ್ಷ ಆ ಖಾಲಿ ನೆಲಕ್ಕೆ ಎರಡೆಕರೆ ಸೆಣಬು, ಎರಡೆಕರೆ ಹೆಸರು ಹಾಕಿದೆ. ತಗ್ಗಿನ ಮೂಲೆಗೆ ಒಂದಿಷ್ಟು ಡಯಾಂಚಾ (ಅದೂ ಹಸಿರೆಲೆ ಗೊಬ್ಬರದ ಗಿಡವೇ) ಚೆಲ್ಲಿದ್ದೆ. ನೀರು ನಿಂತರೂ ಸಾಯಲಿಲ್ಲ, ಅದರ ಮಾತು ಅಷ್ಟೇ.

ಸೆಣಬು ಮೃಗಶಿರಾ ಮಳೆಗೆ ಬಿತ್ತಿದ್ದು, ಎಕರೆಗೆ 20 ಕಿಲೊ ಬೀಜ. ನಲವತ್ತು ದಿನಕ್ಕೆ ಎದೆಮಟ್ಟ ಬಂತು, ಕೆಳಗೆ ಕಸ ಏಳಲೇ ಇಲ್ಲ. ಹಳದಿ ಹೂ ಕಾಣುತ್ತಲೇ, ಅಂದರೆ 45–50 ದಿನಕ್ಕೆ, ಮಣ್ಣಿಗೆ ಸೇರಿಸಬೇಕು. ನನಗೆ ಸ್ವಂತ ಟ್ರ್ಯಾಕ್ಟರ್ ಇಲ್ಲ. ಬಾಡಿಗೆ ಹುಡುಗ ಬದುವಿನ ಕಡೆ ಅರ್ಧ ಎಕರೆ ಹೊಡೆಯುವಷ್ಟರಲ್ಲಿ ಆಶ್ಲೇಷಾ ಮಳೆ ಹಿಡಿಯಿತು. ಎರೆ ತೊಯ್ದ ಮೇಲೆ ಗಾಲಿ ಇಳಿಸುವ ಮಾತೇ ಇಲ್ಲ. ಹದಿನೆಂಟು ದಿನ ಕಾದೆ.

ಅಷ್ಟರಲ್ಲಿ ದಂಟು ಬಲಿತು ನಾರಾಗಿತ್ತು. ರೋಟವೇಟರ್ ಹತ್ತು ಮಾರು ಹೋಗುವುದರೊಳಗೆ ಬ್ಲೇಡಿಗೆ ಸುತ್ತಿಕೊಂಡು ನಿಲ್ಲುತ್ತಿತ್ತು. ಇಳಿಯುವುದು, ಕುಡುಗೋಲಿನಿಂದ ಕೊಯ್ದು ಎಳೆಯುವುದು, ಮತ್ತೆ ಹತ್ತುವುದು. “ಕಾಕಾ, ಇದು ಹೊಲ ಹೊಡಿಯೂದಲ್ರೀ, ಹಗ್ಗಾ ಹೊಸಿಯೂದು ಆಗ್ಯಾದ” ಅಂದ ಹುಡುಗ. ಬಾಡಿಗೆ ಮಾತ್ರ ಗಂಟೆ ಲೆಕ್ಕ! ಮುಂದೆ ಬಿತ್ತುವಾಗ ಅದೇ ನಾರು ಕೂರಿಗಿ ತಾಳಿಗೆ (ಬೀಜ ಬಿತ್ತುವ ಹಲ್ಲಿಗೆ) ಸಿಕ್ಕಿ ಸಾಲುಗಳೇ ಬಿಟ್ಟುಹೋದವು. ಹುಟ್ಟಿದ ಜೋಳವೂ ಹಳದಿ. ಬಲಿತ ದಂಟು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ಹಿಡಿದಿಡುತ್ತದೆ.

ಮಳೆಗೆ ಮುಂಚೆ ಹೊಡೆದ ಆ ಅರ್ಧ ಎಕರೆಯ ಕಥೆಯೇ ಬೇರೆ. ಇಡೀ ಹೊಲದಲ್ಲಿ ಅಲ್ಲಿಯದೇ ದಪ್ಪ ತೆನೆ, ಹೆಸರಿನ ಹೊಲಕ್ಕಿಂತಲೂ. ಮನೆಯಲ್ಲೇ ಟ್ರ್ಯಾಕ್ಟರ್ ಇದ್ದವರು ಸೆಣಬು ಹಾಕಲಿ, ನಾನು ಬೇಡ ಅನ್ನುವುದಿಲ್ಲ.

ಹೆಸರು ಯಾರ ದಾರಿಯನ್ನೂ ಕಾಯಲಿಲ್ಲ. ಎರಡು ಸಲ ಕಾಯಿ ಬಿಡಿಸಿದೆವು. ಎರಡನೆಯದು ಮಳೆಗೆ ಸಿಕ್ಕಿ ಸ್ವಲ್ಪ ಗಿಡದಲ್ಲೇ ಮೊಳಕೆ ಒಡೆಯಿತು. ಆದರೂ ಎಕರೆಗೆ ಎರಡು ಕ್ವಿಂಟಲ್ ಬಂತು, ಜೋಳದ ಗೊಬ್ಬರದ ಖರ್ಚು ಅದರಲ್ಲೇ ಹುಟ್ಟಿತು. ಕಾಯಿ ಬಿಡಿಸಿಕೊಂಡ ಮೇಲೆ ಮಣ್ಣಿಗೆ ಸೇರುವ ಸೊಪ್ಪು ಕಡಿಮೆಯೇ, ನಿಜ. ಆದರೆ ಆ ಮೆತ್ತನೆ ಗಿಡಕ್ಕೆ ಎತ್ತಿನ ಕುಂಟಿಯೇ ಸಾಕಾಯಿತು.

ಈ ಸಲ ಮೂರೂವರೆ ಎಕರೆಗೆ ಹೆಸರು ಬೀಜ ತಂದಿಟ್ಟಿದ್ದೇನೆ. ಬದುವಿನ ಆ ಅರ್ಧ ಎಕರೆಗೆ ಮಾತ್ರ ಸೆಣಬು, ಹೂ ಬರುವ ಮುಂಚೆ ಕೈಯಿಂದಲೇ ಕೊಯ್ದು ಹಾಕುತ್ತೇನೆ.