ಕೆನೆಸಾ ಬೆಟ್ಟವೋ, ಲುಕ್‌ಔಟ್ ಬೆಟ್ಟವೋ? ಎರಡನ್ನೂ ಹತ್ತಿ ನೋಡಿದ ಮೇಲೆ

ಅಟ್ಲಾಂಟಾ ಕಡೆ ಇರುವವರು ಬೆಟ್ಟ ಹತ್ತಬೇಕು, ಮೇಲಿಂದ ಒಳ್ಳೆ ನೋಟ ಸಿಗಬೇಕು, ಜೊತೆಗೆ ಸ್ವಲ್ಪ ಇತಿಹಾಸವೂ ಇರಬೇಕು ಅಂದರೆ ಎರಡು ಹೆಸರು ಬಂದೇ ಬರುತ್ತವೆ. ಒಂದು ಮರಿಯೆಟ್ಟಾ ಪಕ್ಕದ ಕೆನೆಸಾ ಬೆಟ್ಟ. ಇನ್ನೊಂದು ಟೆನೆಸ್ಸೀ ರಾಜ್ಯದ ಚಟನೂಗಾ ಊರಿನ ತಲೆಯ ಮೇಲೇ ನಿಂತಿರುವ ಲುಕ್‌ಔಟ್ ಬೆಟ್ಟ, ಕಾರಿನಲ್ಲಿ ಸುಮಾರು ಎರಡು ಗಂಟೆ ದಾರಿ. ಎರಡೂ ಅಮೆರಿಕದ ಅಂತರ್ಯುದ್ಧದ, ಅಂದರೆ ಉತ್ತರದ ರಾಜ್ಯಗಳಿಗೂ ಬೇರೆಯಾಗಲು ಹೊರಟ ದಕ್ಷಿಣದ ರಾಜ್ಯಗಳಿಗೂ ನಡೆದ ಯುದ್ಧದ ರಣರಂಗಗಳು, ಎರಡನ್ನೂ ಈಗ ನ್ಯಾಷನಲ್ ಪಾರ್ಕ್ ಸರ್ವಿಸ್ ನೋಡಿಕೊಳ್ಳುತ್ತದೆ. ನಾನು ಎರಡನ್ನೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಹಾದಿಯಲ್ಲಿ ಹತ್ತಿದ್ದೇನೆ. ಯಾವುದಕ್ಕೆ ಹೋಗೋಣ ಅಂತ ಗೆಳೆಯರು ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಮಾತು. ನಿಮಗೆ ನೋಟ ಮುಖ್ಯವೋ, ಅಲ್ಲಿ ಏನಾಯಿತು ಅನ್ನೋದು ಕಾಲಿಗೆ ಗೊತ್ತಾಗುವುದು ಮುಖ್ಯವೋ?

ನೋಟದ ವಿಷಯ ಮೊದಲು ಮುಗಿಸಿಬಿಡೋಣ, ಅದರಲ್ಲಿ ವಾದಕ್ಕೆ ಜಾಗವೇ ಇಲ್ಲ. ಲುಕ್‌ಔಟ್ ಗೆಲ್ಲುತ್ತದೆ. ತುದಿಯಲ್ಲಿರುವ ಪಾಯಿಂಟ್ ಪಾರ್ಕಿನಿಂದ ಕೆಳಗೆ ನೋಡಿದರೆ ಟೆನೆಸ್ಸೀ ನದಿ ಊರನ್ನು ದಾಟಿ ಬಂದು, ಬೆಟ್ಟದ ಬುಡದಲ್ಲಿ ದೊಡ್ಡದಾಗಿ ತಿರುಗಿ ಹೋಗುವುದು ಪೂರ್ತಿ ಕಾಣುತ್ತದೆ. ಆ ತಿರುವಿನೊಳಗಿನ ನೆಲವೇ ಮೊಕಾಸಿನ್ ಬೆಂಡ್. ಮೊಕಾಸಿನ್ ಅಂದರೆ ಒಂದು ಬಗೆಯ ಪಾದರಕ್ಷೆ, ಮೇಲಿಂದ ನೋಡಿದರೆ ಆ ಆಕಾರ ನಿಜಕ್ಕೂ ಗೊತ್ತಾಗುತ್ತದೆ. ಈ ಬೆಟ್ಟಕ್ಕೆ ಆಗ ಯಾಕೆ ಅಷ್ಟು ಬೆಲೆ ಇತ್ತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. 1863ರ ಸೆಪ್ಟೆಂಬರ್‌ನಲ್ಲಿ ಹತ್ತಿರದ ಚಿಕಮಾಗಾದಲ್ಲಿ ಸೋತ ಉತ್ತರದ ಸೇನೆ ಈ ಊರೊಳಗೆ ಸಿಕ್ಕಿಕೊಂಡಿತ್ತು. ನದಿ, ರಸ್ತೆ, ರೈಲು ಎಲ್ಲವೂ ಮೇಲೆ ಕೂತ ದಕ್ಷಿಣದವರ ಕಣ್ಣೆದುರಿಗೇ. ಊರಿಗೆ ಬರುವ ದವಸಧಾನ್ಯಕ್ಕೇ ಅಡ್ಡ ಬಿದ್ದಿತ್ತು.

ಕೆನೆಸಾ ತುದಿ 1,808 ಅಡಿ. ಆಕಾಶ ತಿಳಿಯಾಗಿದ್ದ ದಿನ ಅಟ್ಲಾಂಟಾದ ಎತ್ತರದ ಕಟ್ಟಡಗಳು, ಅದರ ಎಡಕ್ಕೆ ಸ್ಟೋನ್ ಮೌಂಟನ್ನಿನ ಬೋಳು ಬಂಡೆ ಕಾಣುತ್ತವೆ. ಚೆನ್ನಾಗಿದೆ, ಆದರೆ ಬೇಸಿಗೆಯಲ್ಲಿ ಮಬ್ಬು ಜಾಸ್ತಿ, ಒಂದೊಂದು ಕಡೆ ಮರಗಳೂ ಅಡ್ಡ ಬರುತ್ತವೆ. ಬರೀ ಫೋಟೋ ಬೇಕು ಅನ್ನುವವರು ಚಟನೂಗಾಗೆ ಹೋಗಿ, ಮುಂದಿನದನ್ನು ಓದದಿದ್ದರೂ ನಡೆಯುತ್ತದೆ.

ಹತ್ತುವ ಮಾತಿಗೆ ಬಂದರೆ ಲೆಕ್ಕ ತಿರುಗುತ್ತದೆ. ಕೆನೆಸಾದಲ್ಲಿ ವಿಸಿಟರ್ ಸೆಂಟರ್ ಹಿಂದಿನಿಂದ ಹೊರಟರೆ ತುದಿಗೆ ಸುಮಾರು ಒಂದು ಮೈಲಿ, ಅಷ್ಟರಲ್ಲೇ ಹತ್ತಿರ ಹತ್ತಿರ 700 ಅಡಿ ಏರು. ಹಾದಿ ಅಂಕುಡೊಂಕಾಗಿ ಹೋಗುತ್ತದೆ, ಬೇರು, ಕಲ್ಲು ತುಂಬಾ. ಉಸಿರು ಹಿಡಿಯುತ್ತದೆ ನಿಜ, ಆದರೆ ಮಕ್ಕಳೂ ಹತ್ತುತ್ತಾರೆ. ತುದಿಗೆ ಸ್ವಲ್ಪ ಕೆಳಗೆ ಫಿರಂಗಿಗಳು ಸಾಲಾಗಿ ನಿಂತಿವೆ. 1864ರಲ್ಲಿ ದಕ್ಷಿಣದ ಸೈನಿಕರು ಇಂಥ ಫಿರಂಗಿಗಳನ್ನು ಹಗ್ಗ ಕಟ್ಟಿ ಕೈಯಲ್ಲೇ ಎಳೆದು ಮೇಲೆ ತಂದಿದ್ದರು. ನೀರಿನ ಬಾಟಲಿ ಹೊತ್ತು ಬಂದು ಏದುಸಿರು ಬಿಡುತ್ತಾ ಆ ಕಬ್ಬಿಣದ ಗಾಲಿಪಟ್ಟಿ ಮುಟ್ಟಿದಾಗ ಅದರ ಭಾರ ಎಷ್ಟಿದ್ದೀತು ಅಂತ ಅನ್ನಿಸದೆ ಇರದು.

ಹೆಚ್ಚಿನವರು ಇಲ್ಲಿಂದಲೇ ವಾಪಸ್ ಹೋಗುತ್ತಾರೆ. ನನ್ನ ಪ್ರಕಾರ ಕೆನೆಸಾ ಶುರುವಾಗುವುದೇ ಇಲ್ಲಿಂದ ಮುಂದೆ. ಆಚೆ ಇಳಿದು ಲಿಟ್ಲ್ ಕೆನೆಸಾ ಹತ್ತಿ, ಮತ್ತೆ ಪಿಜನ್ ಹಿಲ್ ಕಡೆ ಇಳಿದರೆ ಜನ ಕಡಿಮೆಯಾಗುತ್ತಾರೆ, ಹಾದಿಯೂ ಒರಟಾಗುತ್ತದೆ. ಪಿಜನ್ ಹಿಲ್ ತುಂಬಾ ದೊಡ್ಡ ದೊಡ್ಡ ಬಂಡೆಗಳು. 1864ರ ಜೂನ್ 27ರ ಬೆಳಿಗ್ಗೆ ಉತ್ತರದವರು ಇದೇ ಬಂಡೆಗಳ ನಡುವೆ ಹತ್ತಲು ನೋಡಿ ನಿಂತುಹೋದರು. ಅಲ್ಲಿವರೆಗೆ ಉತ್ತರದ ಜನರಲ್ ಶೆರ್ಮನ್ ಎದುರಾಳಿ ಜಾನ್‌ಸ್ಟನ್‌ನ ಸೇನೆಯನ್ನು ಪಕ್ಕದಿಂದ ಬಳಸಿ ಬಳಸಿ ಹಿಂದಕ್ಕೆ ತಳ್ಳುತ್ತಾ ಬಂದಿದ್ದ. ಮಳೆಗೆ ರಸ್ತೆಯೆಲ್ಲ ಕೆಸರಾಗಿ ಬಳಸುವುದು ಕಷ್ಟವಾದಾಗ ನೇರವಾಗಿ ನುಗ್ಗುವ ನಿರ್ಧಾರ ಮಾಡಿದ. ಒಂದೇ ಬೆಳಿಗ್ಗೆ ಅವನ ಕಡೆ ಸತ್ತವರು, ಗಾಯಗೊಂಡವರು, ಸೆರೆ ಸಿಕ್ಕವರು ಸೇರಿ ಸುಮಾರು 3,000 ಜನ. ಎದುರಿನವರ ನಷ್ಟ ಸುಮಾರು 1,000. ಬರ್ನ್ಟ್ ಹಿಕರಿ ರಸ್ತೆಯಿಂದ ಶುರು ಮಾಡಿ ಉಲ್ಟಾ ದಿಕ್ಕಿನಲ್ಲಿ, ಅಂದರೆ ದಾಳಿ ಮಾಡಿದವರ ಹಾಗೆ ಕೆಳಗಿನಿಂದ ಮೇಲಕ್ಕೆ ಹೋಗಿ ನೋಡಿ. ಬಂಡೆ ಹಿಡಿದು ಮೇಲೆ ನೋಡಿದಾಗ ಇನ್ನೂ ಎಷ್ಟು ಇದೆ ಅನ್ನೋದೇ ಕಾಣುವುದಿಲ್ಲ.

ಆದರೆ ಯುದ್ಧದ ಅತಿ ಘೋರ ಜಾಗ ಬೆಟ್ಟದ ಮೇಲಿಲ್ಲ, ದಕ್ಷಿಣಕ್ಕೆ ಚೀಥಮ್ ಹಿಲ್‌ನಲ್ಲಿದೆ. ಅಲ್ಲಿ ನೋಟ ಏನೂ ಇಲ್ಲ, ಬಯಲು, ಕಾಡು, ಒಂದು ದಿಬ್ಬ ಅಷ್ಟೇ. ದಕ್ಷಿಣದವರ ಕಂದಕದ ಸಾಲು ಇನ್ನೂ ಹಾಗೇ ಇದೆ, ಈಗ ತಗ್ಗಾಗಿ, ಒಣ ಎಲೆ ಮುಚ್ಚಿಕೊಂಡು ಮಲಗಿದೆ. ಅದರ ಮುಂದೆ ಇಲಿನಾಯ್ ರಾಜ್ಯದವರು ಯುದ್ಧಕ್ಕೆ 50 ವರ್ಷ ತುಂಬಿದಾಗ, 1914ರಲ್ಲಿ ನಿಲ್ಲಿಸಿದ ಬಿಳಿ ಸ್ಮಾರಕ. ಸ್ಮಾರಕದ ಕೆಳಗಿನ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಇಳಿದು ಹಿಂದಿರುಗಿ ನೋಡಿದರೆ ನೆಲ ಉಬ್ಬಿಕೊಂಡಿರುವುದರಿಂದ ಕಂದಕವೇ ಕಣ್ಣಿಗೆ ಬೀಳುವುದಿಲ್ಲ. ಕಂದಕದಲ್ಲಿದ್ದವರಿಗೂ ಕೆಳಗಿದ್ದವರು ಕಾಣುತ್ತಿರಲಿಲ್ಲ. ಬದುಕಿ ಉಳಿದ ಉತ್ತರದವರು ಈ ಉಬ್ಬಿನ ಮರೆಯಲ್ಲೇ ಮಣ್ಣು ತೋಡಿಕೊಂಡು, ಶತ್ರುವಿನಿಂದ ಮೂವತ್ತು ಗಜದಷ್ಟು ದೂರದಲ್ಲಿ ದಿನಗಟ್ಟಲೆ ಕೂತಿದ್ದರು. ಕಂದಕದ ಕೆಳಗೆ ಸುರಂಗ ಕೊರೆಯಲೂ ಹೊರಟಿದ್ದರು, ಅದರ ಬಾಯಿ ಇದ್ದ ಜಾಗವನ್ನು ಗುರುತು ಮಾಡಿಟ್ಟಿದ್ದಾರೆ. ನಾನು ಯಾರನ್ನು ಕರೆದುಕೊಂಡು ಹೋದರೂ ಇಲ್ಲಿ ನಿಲ್ಲಿಸುತ್ತೇನೆ. ದಯವಿಟ್ಟು ಆ ಮಣ್ಣಿನ ದಿಬ್ಬಗಳ ಮೇಲೆ ಮಾತ್ರ ಹತ್ತಬೇಡಿ, ಮಕ್ಕಳನ್ನೂ ಹತ್ತಿಸಬೇಡಿ. 1864ರಲ್ಲಿ ತೋಡಿದ್ದು ಅದು, ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ.

ಈಗ ಲುಕ್‌ಔಟ್. ಪಾಯಿಂಟ್ ಪಾರ್ಕಿನ ಕೋಟೆಯಂಥ ಬಾಗಿಲವರೆಗೆ ಕಾರಲ್ಲೇ ಹೋಗಬಹುದು, ಇಲ್ಲವೇ 1895ರಿಂದ ಕಡಿದಾದ ಇಳಿಜಾರಿನಲ್ಲಿ ಓಡುತ್ತಿರುವ ಇಂಕ್ಲೈನ್ ರೈಲಿನಲ್ಲಿ ಹೋಗಬಹುದು, ಅದೂ ಮಜವಾಗಿದೆ. ಹಾಗೆ ಹೋದರೆ ನೋಟ ಸಿಗುತ್ತದೆ, ಯುದ್ಧ ಸಿಗುವುದಿಲ್ಲ. ಯಾಕೆಂದರೆ 1863ರ ನವೆಂಬರ್ 24ರಂದು ಉತ್ತರದ ಜನರಲ್ ಹೂಕರ್‌ನ ಸೈನಿಕರು ಹೋರಾಡಿದ್ದು ತುದಿಯಲ್ಲಲ್ಲ, ಬಂಡೆಗೋಡೆಯ ಕೆಳಗಿನ ಇಳಿಜಾರಿನಲ್ಲಿ. ಅದಕ್ಕೇ ನಾನು ಹೇಳುವುದು, ಕ್ರೇವನ್ಸ್ ಮನೆ ಹತ್ತಿರ ಕಾರು ನಿಲ್ಲಿಸಿ ಅಲ್ಲಿಂದ ನಡೆಯಿರಿ. ಆ ದಿನದ ಜೋರು ಕಾಳಗ ಈ ಬಿಳಿ ಮನೆಯ ಸುತ್ತಲೇ ನಡೆದದ್ದು, ಈಗಿರುವುದು ಯುದ್ಧವಾದ ಮೇಲೆ ಮತ್ತೆ ಕಟ್ಟಿದ ಮನೆ. ಹಾದಿ ಕಡಿದಾಗಿ ಏರಿ ಬಂಡೆಗೋಡೆಯ ಬುಡ ಸೇರುತ್ತದೆ. ಅಲ್ಲಿಂದ ಕಬ್ಬಿಣದ ಮೆಟ್ಟಿಲು ಹತ್ತಿದರೆ ಪಾಯಿಂಟ್ ಪಾರ್ಕು, ಬುಡದಲ್ಲೇ ಪಕ್ಕಕ್ಕೆ ಸಾಗಿದರೆ ಬ್ಲಫ್ ಟ್ರೇಲ್, ಸನ್‌ಸೆಟ್ ರಾಕ್ ಕಡೆಗೆ.

ಬ್ಲಫ್ ಟ್ರೇಲ್ ನನಗೆ ಎರಡೂ ಬೆಟ್ಟಗಳಲ್ಲಿ ಅತಿ ಇಷ್ಟವಾದ ಹಾದಿ. ಒಂದು ಕಡೆ ನೆಟ್ಟಗೆ ನಿಂತ ಕಲ್ಲುಗೋಡೆ, ಇನ್ನೊಂದು ಕಡೆ ಕಣಿವೆ. ಗೋಡೆಗೆ ಕೈ ಇಟ್ಟು ತಲೆ ಎತ್ತಿದರೆ ಮೇಲಿನ ಅಂಚು ಮುಂದಕ್ಕೆ ಚಾಚಿಕೊಂಡಿದೆ, ಅಲ್ಲಿ ನಿಂತವರು ಎಷ್ಟು ಬಗ್ಗಿದರೂ ನಿಮ್ಮನ್ನು ನೋಡಲಾರರು. ಮೇಲಿದ್ದ ಫಿರಂಗಿಗಳ ಬಾಯಿಯನ್ನು ಅಷ್ಟು ಕೆಳಕ್ಕೆ ಬಗ್ಗಿಸಲು ಆಗುತ್ತಿರಲಿಲ್ಲ, ಮೇಲಾಗಿ ಅವತ್ತು ಮಂಜು ಬೇರೆ. ಅಷ್ಟು ಎತ್ತರದಲ್ಲಿದ್ದೂ ದಕ್ಷಿಣದವರಿಗೆ ಎತ್ತರ ಕೆಲಸಕ್ಕೆ ಬರಲಿಲ್ಲ. ರಾತ್ರಿ ಬೆಟ್ಟ ಬಿಟ್ಟು ಇಳಿದರು, ಮರುದಿನ ಬೆಳಿಗ್ಗೆ ಉತ್ತರದ ಕಡೆಯ ಕೆಂಟಕಿಯ ಸೈನಿಕರು ತುದಿ ಹತ್ತಿ ಬಾವುಟ ಹಾರಿಸಿದರು.

ನನ್ನನ್ನು ಎರಡೂ ಕಡೆ ಮತ್ತೆ ಮತ್ತೆ ಎಳೆಯುವುದು ಇದೇ. ಏಳು ತಿಂಗಳ ಅಂತರ, ಎರಡು ಕಡೆಯೂ ಹತ್ತಿದವರು ಉತ್ತರದವರೇ, ಎರಡು ಕಡೆಯೂ ಮೇಲಿನವರಿಗೆ ಕಾಣದ ನೆಲ ಒಂದಿತ್ತು. ಲುಕ್‌ಔಟ್‌ನಲ್ಲಿ ಆ ನೆಲ ಉದ್ದಕ್ಕೂ ಇತ್ತು, ಅದರಲ್ಲೇ ಸಾಗಿ ಗೆದ್ದರು. ಚೀಥಮ್ ಹಿಲ್‌ನಲ್ಲಿ ಅದು ಒಂದು ಅಂಗಳದಷ್ಟು, ಜೀವ ಉಳಿಸಿಕೊಳ್ಳಲು ಸಾಕಾಯಿತು, ಗೆಲ್ಲಲು ಸಾಲಲಿಲ್ಲ. ಕೊನೆಗೆ ಶೆರ್ಮನ್ ಮತ್ತೆ ಬಳಸಿ ಹೋಗತೊಡಗಿದ ಮೇಲೇ, ಜುಲೈ 2ರ ರಾತ್ರಿ, ಜಾನ್‌ಸ್ಟನ್ ಕೆನೆಸಾ ಬಿಟ್ಟದ್ದು.

ಖರ್ಚು, ಅನುಕೂಲ ಅಂತ ನೋಡಿದರೆ ಕೆನೆಸಾಗೆ ಕಾರು ನಿಲ್ಲಿಸಲು ದಿನಕ್ಕೆ 5 ಡಾಲರ್, ಕಾರಲ್ಲಿ ಎಷ್ಟು ಜನ ಇದ್ದರೂ ಅಷ್ಟೇ. ಪಾಯಿಂಟ್ ಪಾರ್ಕಿಗೆ ದೊಡ್ಡವರಿಗೆ ತಲೆಗೆ 10 ಡಾಲರ್, 15 ವರ್ಷದವರೆಗಿನ ಮಕ್ಕಳಿಗೆ ಇಲ್ಲ. ಶನಿವಾರ, ಭಾನುವಾರ ಕೆನೆಸಾದ ಬೆಟ್ಟದ ರಸ್ತೆಗೆ ಸ್ವಂತ ಕಾರು ಬಿಡುವುದಿಲ್ಲ, ಷಟಲ್ ಬಸ್ಸು ಹತ್ತಬೇಕು, ಕಾರು ನಿಲ್ಲಿಸುವ ಜಾಗವೂ ಬೇಗ ತುಂಬುತ್ತದೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ, ಮಂಡಿ ನೋವಿದ್ದರೆ, ಯೋಚನೆ ಬೇಡ, ಲುಕ್‌ಔಟ್. ಕೆಲಸದ ದಿನ ಸಂಜೆ ಎರಡು ಗಂಟೆ ಬಿಡುವಿದೆ ಅಂದರೆ ಕೆನೆಸಾ.

ಎರಡನ್ನೂ ನೋಡುವ ಮನಸ್ಸಿದ್ದರೆ ಲುಕ್‌ಔಟ್ ಮೊದಲು ಮಾಡಿ, ನವೆಂಬರ್ ಕೊನೆಯಲ್ಲಿ. ಎಲೆ ಉದುರಿರುತ್ತದೆ, ಬಂಡೆಗೋಡೆಯೂ ಕಣಿವೆಯೂ ಒಟ್ಟಿಗೆ ಕಾಣುತ್ತವೆ. ಕಲ್ಲು ಒದ್ದೆ ಇದ್ದರೆ ಜಾರುತ್ತದೆ, ಒಳ್ಳೆ ಶೂ ಹಾಕಿ. ಕೆನೆಸಾಗೆ ಜೂನ್‌ನಲ್ಲಿ ಹೋಗಿ, ಬೆಳಿಗ್ಗೆ ಬೇಗ, ತಲೆಗೆ ಎರಡು ಲೀಟರ್ ನೀರು ಇಟ್ಟುಕೊಂಡು. ಎಂಟು ಗಂಟೆಗೇ ಅಂಗಿ ಬೆನ್ನಿಗೆ ಅಂಟಿರುತ್ತದೆ. ಆ ಸೈನಿಕರು ಹತ್ತಲು ಹೊರಟದ್ದೂ ಅಂಥ ಸೆಕೆಯಲ್ಲೇ, ಉಣ್ಣೆ ಬಟ್ಟೆ ಹಾಕಿಕೊಂಡು, ಬಂದೂಕು ಹೊತ್ತುಕೊಂಡು.