ಲಾಂಗ್ ಕ್ರಾಸ್ ಪೆನ್ನಿನಾ, ಎಡ್ವರ್ಡ್ ಪೆನ್ನಿನಾ?

ಮೊದಲ್ನೇ ಸಲ ಇಂಗ್ಲೆಂಡಿನ ಹಳೇ ಬೆಳ್ಳಿ ನಾಣ್ಯ ತಗೋಳೋರಿಗೆ ಈ ಎರಡರಲ್ಲೇ ಗೊಂದಲ ಆಗೋದು. ಎರಡೂ ಸುತ್ತಿಗೇಲಿ ಹೊಡೆದು ಮಾಡಿದ್ದೇ, ಪೂರ್ತಿ ತೂಕ ಇದ್ರೆ ಸುಮಾರು 1.4 ಗ್ರಾಂ, ಕಾಗದದಷ್ಟು ತೆಳು ಅನ್ಸುತ್ತೆ.

ಇಂಗ್ಲೆಂಡಿನ ರಾಜ ಮೂರನೇ ಹೆನ್ರಿಯ ಲಾಂಗ್ ಕ್ರಾಸ್, ಅಂದ್ರೆ ಹಿಂಬದೀಲಿ ಉದ್ದ ಶಿಲುಬೆ ಇರೋ ಪೆನ್ನಿ, 1247ರಲ್ಲಿ ಬಂತು. ಅದಕ್ಕೂ ಮುಂಚೆ ಶಿಲುಬೆ ಚಿಕ್ಕದಿತ್ತು, ಜನ ಅಂಚು ಕತ್ತರಿಸಿ ಬೆಳ್ಳಿ ಕದೀತಿದ್ರು, ಅದಕ್ಕೇ ಶಿಲುಬೆನ ಅಂಚಿನ ತನಕ ಎಳೆದ್ರು, ಕತ್ತರಿಸಿದ್ರೆ ತಕ್ಷಣ ಗೊತ್ತಾಗ್ಲಿ ಅಂತ. ಚಿಲ್ಲರೆ ಬೇಕಂದ್ರೆ ಅದೇ ಶಿಲುಬೆ ಗೆರೆ ಮೇಲೆ ಎರಡು ತುಂಡು, ನಾಲ್ಕು ತುಂಡು ಮಾಡ್ತಿದ್ರು, ಆ ತುಂಡುಗಳು ಈಗ್ಲೂ ಸಿಗ್ತವೆ. ಹಿಂದೆ ತಿರುಗಿಸಿದ್ರೆ ಟಂಕಿಸೋ ಹೊಣೆ ಹೊತ್ತವನ ಹೆಸರು, ಊರು ಎರಡೂ ಇರುತ್ತೆ, "ನಿಕೋಲೆ ಆನ್ ಲುಂಡ್" ಅಂದ್ರೆ ಲಂಡನ್ನಿನ ನಿಕೋಲ್. ಏಳೂವರೆ ಶತಮಾನದ ಹಿಂದಿನ ಒಬ್ಬ ಮನುಷ್ಯನ ಹೆಸರು ಅಂಗೈ ಮೇಲೆ!

1279ರಿಂದ ರಾಜ ಮೊದಲನೇ ಎಡ್ವರ್ಡ್ ನಾಣ್ಯಗಳನ್ನ ಬದಲಾಯಿಸ್ತಾ ಬಂದ. ರಾಜನ ಮುಖ ನೀಟಾಗಿ ಬಂತು, ಅಕ್ಷರ ಓದೋಕೆ ಸುಲಭ, ಗುಂಡನೆ ಅರ್ಧ ಪೆನ್ನಿ ಕಾಲು ಪೆನ್ನಿ ಬೇರೆಯಾಗೇ ಬಂದ್ವು, ಆದ್ರೆ ಹೆಚ್ಚಿನವುಗಳಲ್ಲಿ ಟಂಕಿಸೋ ಹೊಣೆ ಹೊತ್ತವನ ಹೆಸರು ಹೋಗಿ "ಸಿವಿಟಾಸ್ ಲಂಡನ್" ಥರ ಊರಷ್ಟೇ ಉಳೀತು.

ಚೆಂದ ಕಾಣೋದು, ಸಲೀಸಾಗಿ ಗುರುತು ಹಿಡಿಯೋದು ಬೇಕಂದ್ರೆ ಎಡ್ವರ್ಡ್ ತಗೊಳ್ಳಿ. ನಂಗಂತೂ ಹೆಸರಿರೋ ಲಾಂಗ್ ಕ್ರಾಸೇ ಇಷ್ಟ. ಯಾವ್ದೇ ಆದ್ರೂ ತೂಕ ಕೇಳಿ, ಸುತ್ತಲಿನ ಅಕ್ಷರ ಪೂರ್ತಿ ಇದ್ಯಾ ನೋಡ್ಕೊಳ್ಳಿ.